ಓದುಗರ ಪ್ರಶ್ನೆ, ನಮ್ಮ ಉತ್ತರ: ಗೊತ್ತಿದ್ದೂ ನಿಯಮ ಪಾಲಿಸುವುದಿಲ್ಲವೇಕೆ?

ಪ್ರಶ್ನೆ: ಮಾನ್ಯರೇ, ನಮ್ಮದು ಎರಡು ಶೆಡ್ಡುಗಳ ಬ್ರಾಯ್ಲರ್ ಫಾರಂ. ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಕೆಲಸಗಾರರಿಗೆ ತಿಳಿಹೇಳುತ್ತೇವೆ, ಗೋಡೆಗೆ ಫಲಕವನ್ನೂ ಹಾಕಿದ್ದೇವೆ. ಒಂದು ವಾರ ಎಲ್ಲರೂ ಬೂಟು ಬದಲಿಸುತ್ತಾರೆ. ಆಮೇಲೆ ಹೊರಗಿನ ಚಪ್ಪಲಿಯಲ್ಲೇ ಶೆಡ್ಡಿಗೆ ಬರುತ್ತಾರೆ. ದಂಡ ಹಾಕುವುದು ಸರಿಯೇ?
– ಕೋಳಿ ಸಾಕಣೆದಾರರು, ಹೊಸಕೋಟೆ ತಾಲ್ಲೂಕು

ಉತ್ತರ: ದಂಡ ಹಾಕಿದರೆ ನೀವು ಎದುರಿಗಿದ್ದಾಗ ಮಾತ್ರ ಬೂಟು ಬದಲಾಗುತ್ತದೆ. ನಿಮ್ಮ ಕೆಲಸಗಾರರಿಗೆ ತಿಳಿವಳಿಕೆ ಇಲ್ಲದಿದ್ದರೆ ಮೊದಲ ವಾರವೂ ಅವರು ನಿಯಮ ಪಾಲಿಸುತ್ತಿರಲಿಲ್ಲ. ಆದ್ದರಿಂದ ಇನ್ನೊಂದು ಫಲಕದಿಂದ ಹೆಚ್ಚು ಪ್ರಯೋಜನವಾಗದು.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸಂಶೋಧಕರು ಎಂಟು ಕೋಳಿ ಫಾರಂಗಳ ಪ್ರವೇಶದ್ವಾರದಲ್ಲಿ ಯಾರಿಗೂ ಕಾಣದಂತೆ ಕ್ಯಾಮೆರಾ ಇಟ್ಟು, 102 ಜನರ 883 ಭೇಟಿಗಳನ್ನು ಚಿತ್ರೀಕರಿಸಿ, 2011ರಲ್ಲಿ ಅಧ್ಯಯನದ ವರದಿ ಪ್ರಕಟಿಸಿದರು. ಅವರಿಗೆ ಕಂಡದ್ದು 44 ಬಗೆಯ ತಪ್ಪುಗಳು. ಒಂದು ಭೇಟಿಗೆ ಸರಾಸರಿ ನಾಲ್ಕು. ಆ 44ರಲ್ಲಿ 27 ತಪ್ಪುಗಳು ಹೊರಗಿನ ಕೊಳೆ ಭಾಗ ಎಲ್ಲಿ ಮುಗಿಯುತ್ತದೆ, ಒಳಗಿನ ಶುದ್ಧ ಭಾಗ ಎಲ್ಲಿಂದ ಆರಂಭವಾಗುತ್ತದೆ ಎಂಬ ಗಡಿಗೆ ಸಂಬಂಧಿಸಿದವು. ಕ್ಯಾಮೆರಾ ಇದೆಯೆಂದು ತಿಳಿಸಿ ನಡೆಸಿದ ಮುಂದಿನ ಅಧ್ಯಯನದಲ್ಲಿ ಮೊದಮೊದಲು ಜನ ಎಚ್ಚರಿಕೆಯಿಂದ ನಡೆದುಕೊಂಡರು, ತಿಂಗಳುಗಳು ಕಳೆದಂತೆ ಆ ಎಚ್ಚರ ಸಡಿಲವಾಯಿತು. ನಿಮ್ಮ ಫಾರಂನಲ್ಲಿ ಆಗುತ್ತಿರುವುದೂ ಬಹುಮಟ್ಟಿಗೆ ಇದೇ.

ಹೀಗಾಗುವುದಕ್ಕೆ ಕಾರಣ ಸೋಮಾರಿತನವೊಂದೇ ಅಲ್ಲ. ಚಪ್ಪಲಿಯಲ್ಲೇ ಹತ್ತಾರು ಸಲ ಒಳಗೆ ಹೋಗಿ ಬಂದರೂ ಕೋಳಿಗೆ ಏನೂ ಆಗದಿದ್ದಾಗ, ನಿಯಮ ಮುರಿದರೂ ತೊಂದರೆಯಿಲ್ಲ ಎಂಬ ಪಾಠವನ್ನು ಮನಸ್ಸು ತಾನಾಗಿಯೇ ಕಲಿತುಬಿಡುತ್ತದೆ. ಬೂಟು ಬದಲಿಸುವ ಕಿರಿಕಿರಿ ಈಗಿನದು, ರೋಗದ ನಷ್ಟ ಎಂದೋ ಬರಬಹುದಾದದ್ದು, ಮೇಲಾಗಿ ಆ ನಷ್ಟ ಕೆಲಸಗಾರನಿಗಿಂತ ನಿಮಗೇ ಹೆಚ್ಚು. ಇಂಥ ಲೆಕ್ಕಾಚಾರದ ಎದುರು ಉಪದೇಶ ಸೋಲುತ್ತದೆ.

ಆದ್ದರಿಂದ ಬಾಗಿಲನ್ನೇ ಬದಲಿಸಿ. ಶೆಡ್ಡಿನ ಪ್ರವೇಶದಲ್ಲಿ ಗೋಡೆಯಿಂದ ಗೋಡೆಯವರೆಗೆ, ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿಸಿ ಅಥವಾ ಬೆಂಚು ಇಡಿಸಿ. ಬಂದವರು ಅದರ ಮೇಲೆ ಕುಳಿತು, ಚಪ್ಪಲಿಯನ್ನು ಹೊರಬದಿಯಲ್ಲೇ ಬಿಟ್ಟು, ಕಾಲನ್ನು ಆಚೆ ತಿರುಗಿಸಿ, ಎಂದೂ ಹೊರಗೆ ಬಾರದ ಒಳಗಿನ ಬೂಟು ಹಾಕಿಕೊಳ್ಳಬೇಕು. ಕೋಳಿ ಮತ್ತು ಹಂದಿ ಸಾಕಣೆಯಲ್ಲಿ ಇದಕ್ಕೆ ಡ್ಯಾನಿಷ್ ಪ್ರವೇಶ ಪದ್ಧತಿ ಎಂಬ ಹೆಸರಿದೆ. ಕಟ್ಟೆ ಅಡ್ಡವಿರುವಾಗ ಗಡಿಯನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇರುವುದಿಲ್ಲ. ಪ್ರತಿಯೊಬ್ಬರಿಗೂ ಅವರವರ ಅಳತೆಯ ಬೂಟು ಕೊಡಿ. ಸಣ್ಣ ಮಾತೆನಿಸಿದರೂ, ಕಾಲಿಗೆ ಹಿಡಿಸದ ಬೂಟನ್ನು ಯಾರೂ ದಿನಕ್ಕೆ ಹತ್ತು ಸಲ ಹಾಕಿ ತೆಗೆಯಲಾರರು. ಕಟ್ಟೆ ಕಟ್ಟುವ ಮೊದಲು ಕೆಲಸಗಾರರನ್ನು ಕೂರಿಸಿಕೊಂಡು, ಎಲ್ಲಿ ಅಡಚಣೆಯಾಗುತ್ತಿದೆ ಎಂದು ಕೇಳಿದರೆ ಖರ್ಚೂ ಉಳಿದೀತು.

ಫಾರಂನಿಂದ ಫಾರಂಗೆ ಓಡಾಡುವ ಸೂಪರ್‌ವೈಸರ್, ಕೋಳಿ ಹಿಡಿಯುವ ತಂಡ, ಆಹಾರ ತರುವ ಲಾರಿಯ ಚಾಲಕ – ಇವರಿಗೂ ಅದೇ ಕಟ್ಟೆ, ಅದೇ ನಿಯಮ. ಮಾಲೀಕರಿಗೂ ಅಷ್ಟೇ. ಐದು ನಿಮಿಷದ ಕೆಲಸವೆಂದು ನೀವು ಚಪ್ಪಲಿಯಲ್ಲಿ ಒಳಗೆ ಹೋದರೆ, ಕೆಲಸಗಾರರು ನಂಬುವುದು ಫಲಕವನ್ನಲ್ಲ, ನಿಮ್ಮ ಕಾಲನ್ನು.

ಪ್ರಶ್ನೆ: ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದರೆ ಹಾಲು ಕಡಿಮೆಯಾಗುತ್ತದೆಂದು ನಮ್ಮೂರಿನ ಕೆಲವರು ಹಸುಗಳನ್ನು ಹೊರಗೆ ತರುವುದೇ ಇಲ್ಲ. ಅವರನ್ನು ಒಪ್ಪಿಸುವುದು ಹೇಗೆ?
– ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ, ಮಂಡ್ಯ ಜಿಲ್ಲೆ

ಉತ್ತರ: ಅವರ ಮಾತು ಸುಳ್ಳಲ್ಲವೆಂದು ಮೊದಲು ಒಪ್ಪಿಕೊಳ್ಳಿ. ಲಸಿಕೆಯ ನಂತರ ಕೆಲವು ಹಸುಗಳಿಗೆ ಜ್ವರ ಬಂದು, ಕೆಲವು ದಿನ ಹಾಲು ಇಳಿಯುವುದುಂಟು. ಏನೂ ಆಗುವುದಿಲ್ಲವೆಂದು ಹೇಳಿ ಲಸಿಕೆ ಹಾಕಿಸಿದರೆ, ಆರು ತಿಂಗಳ ನಂತರದ ಸುತ್ತಿನಲ್ಲಿ ಇನ್ನಷ್ಟು ಕೊಟ್ಟಿಗೆಗಳ ಬಾಗಿಲು ಮುಚ್ಚಿರುತ್ತವೆ. ಇಳಿಕೆ ತಾತ್ಕಾಲಿಕ, ಆದರೆ ರೋಗ ಬಂದು ಬದುಕಿದ ಹಸು ಹಿಂದಿನಷ್ಟು ಹಾಲು ಕೊಡದೆ ಹೋಗಬಹುದು ಎಂದು ಎರಡನ್ನೂ ಒಟ್ಟಿಗೆ ಹೇಳಿ. 2013ರಲ್ಲಿ ರಾಜ್ಯದಲ್ಲಿ ಈ ರೋಗದಿಂದ ಸಾವಿರಾರು ರಾಸುಗಳು ಸತ್ತದ್ದನ್ನು ಕಂಡವರು ನಿಮ್ಮೂರಿನಲ್ಲಿಯೂ ಇರಬಹುದು. ಅಧಿಕಾರಿಯ ಭಾಷಣಕ್ಕಿಂತ ಅಂಥವರ ಮಾತಿಗೆ ತೂಕ ಹೆಚ್ಚು.

ಲಸಿಕೆಯ ದಿನವನ್ನು ಡೇರಿಯಲ್ಲಿ ಹಾಲು ಹಾಕುವ ಹೊತ್ತಿನಲ್ಲೇ ತಿಳಿಸಿ, ಯಾವ ಮನೆಗೆ ಯಾವ ವೇಳೆಗೆ ಬರುತ್ತಾರೆಂಬುದನ್ನು ಮೊದಲೇ ಗೊತ್ತುಮಾಡಿ. ಇಷ್ಟು ಮನೆಗಳಲ್ಲಿ ಲಸಿಕೆ ಆಗಿದೆ ಎಂಬ ನಿಜವಾದ ಲೆಕ್ಕವನ್ನು ಡೇರಿಯ ಕಪ್ಪುಹಲಗೆಯಲ್ಲಿ ಬರೆಯಿರಿ. ಹಾಕಿಸದವರ ಹೆಸರು ಮಾತ್ರ ಬೇಡ. ಅವಮಾನಗೊಂಡವರು ನಾಳೆ ರೋಗ ಬಂದರೂ ಮುಚ್ಚಿಡುತ್ತಾರೆ, ಅದು ಲಸಿಕೆ ತಪ್ಪಿದ್ದಕ್ಕಿಂತ ದೊಡ್ಡ ಅಪಾಯ.

ಪ್ರಶ್ನೆ: ಬಾಗಿಲ ಬಳಿ ಔಷಧಿ ನೀರಿನ ತೊಟ್ಟಿ ಇದ್ದರೆ ಸಾಲದೇ?
– ಓದುಗರು, ದಾವಣಗೆರೆ

ಉತ್ತರ: ಸಾಲದು. ಬೂಟಿಗೆ ಸಗಣಿ ಅಥವಾ ಹಿಕ್ಕೆ ಮೆತ್ತಿದ್ದರೆ ಸೋಂಕುನಿವಾರಕ ಅದರೊಳಗೆ ಇಳಿಯುವುದಿಲ್ಲ. ಮೊದಲು ಬ್ರಷ್ಷಿನಿಂದ ಉಜ್ಜಿ ತೊಳೆದು, ನಂತರ ಔಷಧಿಯ ಚೀಟಿಯಲ್ಲಿ ಹೇಳಿರುವಷ್ಟು ಹೊತ್ತು ಅದ್ದಬೇಕು. ಬ್ರಷ್ಷು ಮತ್ತು ನೀರಿನ ನಲ್ಲಿ ತೊಟ್ಟಿಯ ಪಕ್ಕದಲ್ಲೇ ಇರಲಿ. ಹತ್ತು ಹೆಜ್ಜೆ ದೂರವಿದ್ದರೂ ಉಜ್ಜುವವರು ಕಡಿಮೆಯಾಗುತ್ತಾರೆ. ತೊಟ್ಟಿಯ ನೀರನ್ನು ದಿನವೂ, ಕೊಳೆಯಾದರೆ ಅದಕ್ಕೂ ಮೊದಲೇ ಬದಲಿಸಿ, ಮಳೆ ನೀರು ಬೀಳದಂತೆ ಮೇಲೊಂದು ತಗಡು ಹಾಕಿಸಿ.