ನನ್ನ ತಮ್ಮ ಜಾಮೀನಿನ ಮೇಲೆ ಜೈಲಿನಿಂದ ಬಂದಿದ್ದಾನೆ, ಅವನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಊರಿನ ಹತ್ತಿರವೇ ಚಿಕಿತ್ಸೆ ಸಿಗುತ್ತದಾ?

ಸಿಗುತ್ತದೆ. ಪ್ರತಿ ತಿಂಗಳೂ ಬೆಂಗಳೂರಿನ ಬಸ್ ಹತ್ತಬೇಕಾಗಿಲ್ಲ. ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸಮಾಜ ಕಾರ್ಯಕರ್ತೆ. ಜೈಲಿನಿಂದ ಬಂದವರ ವಿಷಯದಲ್ಲಿ ಜಾಸ್ತಿ ಎಡವುವುದು ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲೇ. ಒಳಗಿದ್ದಾಗ ಮಾತ್ರೆ ಕೈಗೆ ಬರುತ್ತಿತ್ತು. ಹೊರಗೆ ಬಂದಾಗ ಜೇಬಿನಲ್ಲಿ ನಾಲ್ಕು ದಿನಕ್ಕಾಗುವಷ್ಟಿದ್ದರೆ ಪುಣ್ಯ. ಮನೆಯವರಿಗೆ ಜಾಮೀನಿಗೆ ಮಾಡಿದ ಸಾಲದ ಚಿಂತೆ. ಅವನೂ "ನಾನೀಗ ಸರಿಯಾಗಿದ್ದೀನಲ್ಲ" ಅಂತಾನೆ. ರಾತ್ರಿ ನಿದ್ದೆ ಕೆಟ್ಟ ಮೇಲೆಯೇ ಎಲ್ಲರಿಗೂ ಮಾತ್ರೆ ನೆನಪಾಗುವುದು.

ಆದ್ದರಿಂದ ಮೊದಲು ಜೈಲು ಆಸ್ಪತ್ರೆಯ ಚಿಕಿತ್ಸೆ ದಾಖಲೆ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ತನ್ನ ದಾಖಲೆ ಪಡೆಯುವ ಹಕ್ಕು ಅವನಿಗಿದೆ. ಅರ್ಜಿಗೆ ಅವನೇ ಸಹಿ ಹಾಕಲಿ. ಆದರೆ ಅದಕ್ಕೇ ಕಾಯುತ್ತಾ ಕೂರಬೇಡಿ. ಒಬ್ಬ ತಾಯಿ ಮಗನ ರಿಸ್ಪೆರಿಡೋನ್ ಎಂಬ ಮಾತ್ರೆಯ ಖಾಲಿ ಪಟ್ಟಿಯನ್ನು ಎಲೆ-ಅಡಿಕೆ ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಅರ್ಧ ಹರಿದಿತ್ತು, ಆದರೂ ಎಷ್ಟು ಮಿಲಿಗ್ರಾಂ ಅಂತ ಕಾಣುತ್ತಿತ್ತು. ಡಾಕ್ಟರ್‌ಗೆ ಅಷ್ಟು ಸಾಕಾಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಕ್ಲಿನಿಕ್, ಯಾವ ದಿನ ಅಂತ ವಿಚಾರಿಸಿ. ಸಾಮಾನ್ಯವಾಗಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅಲ್ಲಿ ಮಾತ್ರೆಗೆ ದುಡ್ಡು ಕೊಡಬೇಕಾಗಿಲ್ಲ. ದಿನಾ ಮಾತ್ರೆಗೆ ಜಗಳ ಆಗುತ್ತಿದ್ದರೆ ಎರಡು-ಮೂರು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ಕೇಳಿ. ಅವನಿಗೆ ಒಪ್ಪಿಗೆ ಇರಬೇಕು, ಕದ್ದು ಅನ್ನದಲ್ಲಿ ಕಲಸಿ ಕೊಡುವುದೆಲ್ಲ ಬೇಡ. ಗೊತ್ತಾದ ದಿನ ನಿಮ್ಮನ್ನೇ ನಂಬಲ್ಲ. ಕೇಸಿನ ವಿಷಯ ಡಾಕ್ಟರ್‌ಗೆ ಮಾತ್ರ ಹೇಳಿ, ಸಾಲಿನಲ್ಲಿ ನಿಂತವರಿಗೆ ಯಾಕೆ, ಅಲ್ವಾ? ಡಾಕ್ಟರ್ ಅದನ್ನು ಗುಟ್ಟಾಗಿಡಲೇಬೇಕು.

ನಡುರಾತ್ರಿ ಹೆಚ್ಚು ಕಡಿಮೆಯಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಕೋರ್ಟು. ವಾಯಿದೆ ತಪ್ಪಿದರೆ ವಾರೆಂಟ್, ವಾರೆಂಟ್ ಬಂದರೆ ಮತ್ತೆ ಜೈಲು, ಇಲ್ಲಿ ಶುರುವಾದ ಚಿಕಿತ್ಸೆಯೂ ಅರ್ಧಕ್ಕೇ ನಿಲ್ಲುತ್ತದೆ. ಠಾಣೆಗೆ ಹೋಗಿ ಸಹಿ ಹಾಕುವ ದಿನವೂ ಆಸ್ಪತ್ರೆ ದಿನವೂ ಒಂದೇ ಆದರೆ ಸುಮ್ನೆ ಯಾವುದೋ ಒಂದನ್ನು ಬಿಡಬೇಡಿ. ಒಪಿಡಿ ಚೀಟಿ ತೋರಿಸಿ, ಸಹಿಯ ದಿನ ಬದಲಿಸಲು ಕೋರ್ಟಿಗೆ ಅರ್ಜಿ ಹಾಕುವಂತೆ ವಕೀಲರಿಗೆ ಹೇಳಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.