ಎರಡು ಎಕರೆ, ಎರಡು ಕುದುರೆ, ಹುಲ್ಲು ಮಾತ್ರ ಇಲ್ಲ

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ತಿರ ನಮ್ಮದು ಎರಡು ಎಕರೆ ಜಾಗ. ರೇಸ್ ಬಿಟ್ಟ ಎರಡು ಕುದುರೆಗಳನ್ನು ಸಾಕಿದ್ದೇವೆ, ಹಗಲೆಲ್ಲ ಬಯಲಲ್ಲೇ ಇರುತ್ತವೆ. ಈ ಮಳೆಗೆ ಅರ್ಧ ಜಾಗ ಕೆಸರಾಗಿದೆ, ಉಳಿದ ಕಡೆ ಪಾರ್ಥೇನಿಯಂ. ಸದ್ಯಕ್ಕೆ ಹಸುಗಳಿಗೆ ಹಾಕುವ ನೇಪಿಯರ್ ಹುಲ್ಲು, ಬೂಸಾ ಕೊಡುತ್ತಿದ್ದೇವೆ. ಹೊಸದಾಗಿ ಹುಲ್ಲಿನ ಬೀಜ ಹಾಕಿದರೆ ಸರಿಹೋಗುತ್ತಾ?

ಉತ್ತರ: ಬೀಜ ಆಮೇಲೆ, ಮೊದಲು ಮೇವು ಬದಲಿಸಿ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಕೆಸರಲ್ಲ, ನೇಪಿಯರ್ ಜೊತೆ ಬೂಸಾ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಹಸುವಿನ ಹೊಟ್ಟೆ ಅದನ್ನು ಬಹುಮಟ್ಟಿಗೆ ಕರಗಿಸಿಕೊಳ್ಳುತ್ತದೆ, ಕುದುರೆಗೆ ಅದು ಆಗುವುದಿಲ್ಲ. ಬೂಸಾದಲ್ಲಿ ರಂಜಕ ಜಾಸ್ತಿ, ಅದೂ ಸುಣ್ಣ ಮೈಗೆ ಹತ್ತದಂತೆ ಮಾಡುತ್ತದೆ. ಎರಡೂ ಸೇರಿ ತಿಂಗಳುಗಟ್ಟಲೆ ನಡೆದರೆ ಮೈ ತನ್ನ ಮೂಳೆಯಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ, ಕುದುರೆ ಕುಂಟುತ್ತದೆ, ಮುಖದ ಮೂಳೆ ಊದುತ್ತದೆ. ಇವತ್ತೇ ಎರಡು ಕುದುರೆಗಳ ಮುಖವನ್ನೂ ಕಣ್ಣಿನ ಕೆಳಗಿಂದ ಮೂಗಿನವರೆಗೆ ಎರಡೂ ಕಡೆ ಸವರಿ ನೋಡಿ. ಉಬ್ಬು ಸಿಕ್ಕಿದರೆ ಪಶುವೈದ್ಯರನ್ನು ಕರೆಸಿ. ಒಣಗಿದ ರೋಡ್ಸ್ ಹುಲ್ಲನ್ನೇ ಮುಖ್ಯ ಮೇವು ಮಾಡಿ, ಜೊತೆಗೆ ಸ್ವಲ್ಪ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು). ಬದಲಾವಣೆಗೆ ಹತ್ತು ದಿನವಾದರೂ ತಗೊಳ್ಳಿ, ದಿಢೀರ್ ಬದಲಿಸಿದರೆ ಹೊಟ್ಟೆನೋವು ಬರುತ್ತದೆ. ಕುದುರೆಗೆ ವಾಂತಿ ಮಾಡಲೂ ಆಗುವುದಿಲ್ಲ, ಪಾಪ.

ಈಗ ಜಾಗದ ವಿಷಯ. ಹಸುವಿಗೆ ಮೇಲ್ದವಡೆಯಲ್ಲಿ ಮುಂಹಲ್ಲಿಲ್ಲ, ಅದು ನಾಲಿಗೆಯಲ್ಲಿ ಸುತ್ತಿ ಎಳೆಯುತ್ತದೆ. ಕುದುರೆಗೆ ಮೇಲೂ ಕೆಳಗೂ ಹಲ್ಲಿದೆ, ನೆಲಮಟ್ಟಕ್ಕೆ ಕತ್ತರಿಸುತ್ತದೆ, ನಾಲ್ಕು ದಿನ ಬಿಟ್ಟು ಚಿಗುರು ಬಂದರೆ ಮತ್ತೆ ಅಲ್ಲಿಗೇ ಬಂದು ಅದನ್ನೂ ಕಚ್ಚುತ್ತದೆ. ಬೇರು ಎಷ್ಟು ದಿನ ತಡೆದೀತು? ಹೊಸ ಬೀಜ ಹಾಕಿದರೂ ಇದೇ ಗತಿ.

ಲಾಯಕ್ಕೆ ಅಂಟಿಕೊಂಡ ಸಣ್ಣ ಜಾಗವನ್ನು ಹುಲ್ಲಿನ ಆಸೆ ಬಿಟ್ಟು ಕುದುರೆಗಳಿಗೇ ಕೊಟ್ಟುಬಿಡಿ. ಜಲ್ಲಿ ಹಾಕಿ, ಮೇಲೆ ಗರಸು ಮಣ್ಣು ಹರಡಿ, ನೀರು ಹರಿದುಹೋಗುವಂತೆ ಇಳಿಜಾರು ಮಾಡಿ. ಮಳೆ ಹಿಡಿದ ದಿನ ಅವು ಅಲ್ಲೇ ಇರಲಿ, ಮೇವು ಮಾತ್ರ ಗೋದಲಿಯಲ್ಲಿ, ನೆಲದ ಮೇಲೆ ಹಾಕಿದರೆ ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಮಿಕ್ಕದ್ದನ್ನು ಮೂರು ಭಾಗ ಮಾಡಿ, ಪಾರ್ಥೇನಿಯಂ ಹೂ ಬಿಡುವ ಮೊದಲೇ ಗ್ಲೌಸ್ ಹಾಕಿಕೊಂಡು ಕಿತ್ತು, ಆಮೇಲೆ ಬಿತ್ತಿ. ಹುಲ್ಲು ಗೇಣುದ್ದ ಆದಾಗ ಕುದುರೆ ಬಿಡಿ, ನಾಲ್ಕು ಬೆರಳಷ್ಟು ಉಳಿದಾಗ ಹೊರಗೆ ತನ್ನಿ. ಮೂರು ನಾಲ್ಕು ವಾರ ಆ ಭಾಗಕ್ಕೆ ಮತ್ತೆ ಕುದುರೆ ಬಿಡಲೇಬೇಡಿ. ಇಷ್ಟು ಮಾಡಿದರೂ ಎರಡು ಎಕರೆಯಲ್ಲಿ ವರ್ಷವಿಡೀ ಹೊಟ್ಟೆ ತುಂಬುವುದಿಲ್ಲ. 450 ಕೆ.ಜಿ. ತೂಗುವ ಒಂದು ಕುದುರೆಗೆ ದಿನಕ್ಕೆ ಎಂಟೊಂಬತ್ತು ಕೆ.ಜಿ. ಒಣಮೇವು ಬೇಕು, ಖರೀದಿಗೆ ದುಡ್ಡು ತೆಗೆದಿಡಿ.

ಮುಳ್ಳುತಂತಿ ಮಾತ್ರ ಬೇಡವೇ ಬೇಡ. ನಮ್ಮ ಹೆಣ್ಣುಕುದುರೆ ಒಂದು ರಾತ್ರಿ ಗುಡುಗಿಗೆ ಬೆದರಿ ತಂತಿಗೆ ನುಗ್ಗಿ ಮುಂಗಾಲು ಸೀಳಿಕೊಂಡಿತ್ತು. ಮೂರು ತಿಂಗಳು ದಿನಾ ಗಾಯ ತೊಳೆದಿದ್ದೇನೆ. ಮರದ ಕಂಬ, ಅಡ್ಡಪಟ್ಟಿ ಸಾಕು.

ಲದ್ದಿಯನ್ನು ವಾರಕ್ಕೆ ಎರಡು ಸಲವಾದರೂ ಎತ್ತಿ ತಿಪ್ಪೆಗೆ ಹಾಕಿ, ಹಸಿಯಾಗಿ ಅದೇ ಬಯಲಿಗೆ ಹರಡಬೇಡಿ. ಜಂತುಹುಳುವಿನ ಮರಿಗಳು ಮಳೆಯಲ್ಲಿ ಹುಲ್ಲಿನ ಮೇಲೆ ಹತ್ತುತ್ತವೆ. ಪಕ್ಕದವರ ಹಸುಗಳಿದ್ದರೆ ಕುದುರೆ ಮೇಯ್ದ ಮೇಲೆ ಅಲ್ಲಿಗೆ ಬಿಡಿಸಿ. ಲದ್ದಿಯ ಸುತ್ತ ಕುದುರೆ ಮುಟ್ಟದೆ ಬಿಟ್ಟ ಹುಲ್ಲನ್ನು ಅವು ತಿನ್ನುತ್ತವೆ, ಕುದುರೆಯ ಹುಳು ಹೆಚ್ಚಿನವು ಹಸುವಿನ ಹೊಟ್ಟೆಯಲ್ಲಿ ಬದುಕುವುದಿಲ್ಲ.

ಬೇಲಿ ಬದಿಯಲ್ಲಿ ಕಣಗಿಲೆ ಇದೆಯಾ? ಇದ್ದರೆ ನಾಳೆಗೆ ಬಿಡಬೇಡಿ, ಬುಡಸಮೇತ ಕಿತ್ತು ದೂರ ಹೂತುಬಿಡಿ. ಒಣಗಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ.