ಸ್ನೋ ವೈಟ್ ಕಥೆಯ ರಾಣಿ ಹೆತ್ತ ತಾಯಿಯೋ, ಮಲತಾಯಿಯೋ?

ಪ್ರಶ್ನೆ: ಪುಣೆಯ ನಮ್ಮ ಭಾನುವಾರದ ಕನ್ನಡ ವರ್ಗದ ಮಕ್ಕಳಿಗೆ ಈ ಕಥೆ ಓದಿಸಬೇಕು. ಪುಸ್ತಕದಂಗಡಿಗಳಿರುವ ಅಪ್ಪಾ ಬಳವಂತ ಚೌಕದಿಂದ ತಂದ ಎರಡು ಪುಸ್ತಕಗಳಲ್ಲಿ ಒಂದರಲ್ಲಿ ರಾಣಿ ಹೆತ್ತವಳು, ಇನ್ನೊಂದರಲ್ಲಿ ಮಲತಾಯಿ. ಯಾವುದು ಸರಿ?

ಉತ್ತರ: ಎರಡೂ ಜರ್ಮನಿಯ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರದ್ದೇ, ಆವೃತ್ತಿ ಬೇರೆ ಅಷ್ಟೆ. 1812ರಲ್ಲಿ ಮಗಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. 1819ರಲ್ಲಿ ಆಕೆ ಹೆರಿಗೆಯಲ್ಲೇ ತೀರಿಕೊಂಡು, ಕಥೆಗೆ ಮಲತಾಯಿ ಬಂದಳು. ಮೊದಲ ಸಂಪುಟ ಟಿಪ್ಪಣಿಗಳಿದ್ದ ವಿದ್ವಾಂಸರ ಸಂಗ್ರಹ. ಮಕ್ಕಳ ಕೈಗೆ ಹೋಗತೊಡಗಿದ ಮೇಲೆ ಸಹೋದರರಲ್ಲಿ ಕಿರಿಯವನಾದ ವಿಲ್ಹೆಲ್ಮ್ 1857ರ ಏಳನೇ ಆವೃತ್ತಿಯವರೆಗೂ ತಿದ್ದುತ್ತಲೇ ಇದ್ದ. ತಾಯ್ತನಕ್ಕೆ ಕಳಂಕ ತಟ್ಟಬಾರದೆಂಬುದು ಅವನ ಕಾಳಜಿ. ಹೆರಿಗೆಯಲ್ಲಿ ಸಾವು ಸಾಮಾನ್ಯವಾಗಿದ್ದ ಕಾಲವದು, ಹಾಗಾಗಿ ಮಲತಾಯಿ ಓದುಗರಿಗೆ ಅಪರಿಚಿತಳೇನಲ್ಲ. ಪಾಪ, ಬೈಗುಳವೆಲ್ಲ ಅವಳ ಪಾಲಿಗೆ!

ಪುಸ್ತಕ ಯಾವ ಆವೃತ್ತಿಯ ಪಾಠ ಹಿಡಿದಿದೆ ಎಂದು ತಿಳಿಯಲು, ವಿಷದ ಸೇಬು ತಿಂದು ಸತ್ತಂತೆ ಬಿದ್ದ ಹುಡುಗಿ ಮತ್ತೆ ಏಳುವ ಜಾಗ ನೋಡಿ. ಶವಪೆಟ್ಟಿಗೆ ಹೊತ್ತು ಬೇಸತ್ತ ಸೇವಕ ಅವಳ ಬೆನ್ನಿಗೊಂದು ಗುದ್ದಿ, ಗಂಟಲಿನ ಸೇಬಿನ ಚೂರು ಹೊರಬಿದ್ದರೆ 1812ರ ಪಾಠ. ಹೊತ್ತವರು ಎಡವಿ ಪೆಟ್ಟಿಗೆ ಕುಲುಕಿದರೆ ನಂತರದ್ದು. ರಾಜಕುಮಾರ ಮುತ್ತಿಟ್ಟರೆ ಗ್ರಿಮ್ ಅಲ್ಲವೇ ಅಲ್ಲ. 1937ರ ಡಿಸ್ನಿ ಚಿತ್ರದ ಪ್ರಭಾವ.

ಏಳೆಂಟು ವರ್ಷದವರಿಗೆ 1857ರದ್ದೇ ಓದಿಸಿ. ಆದರೆ ಕೊನೆಯ ಪುಟ ಮೊದಲು ನೀವೇ ನೋಡಿಕೊಳ್ಳಿ: ಕೆಂಪಗೆ ಕಾದ ಕಬ್ಬಿಣದ ಬೂಟು ತೊಟ್ಟು ರಾಣಿ ಸಾಯುವವರೆಗೆ ಕುಣಿಯುವ ಭಾಗ ಅದರಲ್ಲೂ ಹಾಗೇ ಉಳಿದಿದೆ.